ಚುಕ್ಕಿಯ ಆಚೆಯ ಅಂಕೆ

ಪುಸ್ತಕವೊಂದು ಕೈಗೆ ಬಂದೊಡನೆ ಮುಖಪುಟದ ಹಿಂಬದಿಯನ್ನು ನೋಡುವುದು ನಮ್ಮ ಹಳೆಯ ಅಭ್ಯಾಸ. ಎಷ್ಟನೆಯ ಆವೃತ್ತಿ, ಎಷ್ಟನೆಯ ಮುದ್ರಣ ಎಂಬುದನ್ನು ಅರಿಯದೆ ಪಾಠಪುಸ್ತಕವನ್ನು ತರಗತಿಗೆ ಒಯ್ಯಬಾರದೆಂದು ತರಬೇತಿ ಶಾಲೆಯಲ್ಲಿ ನಮಗೆ ಕಲಿಸಿದ್ದರು. ಆವೃತ್ತಿ ಬದಲಾದರೆ ಒಳಗಿನ ವಿಷಯವೇ ಬದಲಾಗಿರುತ್ತದೆ; ಮುದ್ರಣ ಮಾತ್ರ ಬೇರೆಯಾದರೆ ಕೆಲವು ಅಚ್ಚಿನ ದೋಷಗಳು ನೀಗಿರಬಹುದು, ಅಷ್ಟೆ. ಶಾಲೆಗೆ ಬಂದ ಗಣಕಯಂತ್ರಗಳಲ್ಲಿಯೂ ಇದೇ ಲೆಕ್ಕ ನಡೆಯುತ್ತದೆ.

ಕೇರಳದ ಶಾಲೆಗಳಿಗೆ ತಂತ್ರಾಂಶ ಒದಗಿಸುವ 'ಕೈಟ್' ಸಂಸ್ಥೆಯ ಗ್ನು ಲಿನಕ್ಸ್‌ಗೆ ಉಬುಂಟು ಆಧಾರ. ಅದರ 18.04 ಎಂದರೆ 2018ರ ಏಪ್ರಿಲ್, 22.04 ಎಂದರೆ 2022ರ ಏಪ್ರಿಲ್. 2006ರಲ್ಲಿ ಏಪ್ರಿಲ್‌ಗೆ ಬರಬೇಕಾಗಿದ್ದುದು ಎರಡು ತಿಂಗಳು ತಡವಾಯಿತು, ಆಗ 6.06 ಎಂದೇ ಹೆಸರಿಸಿದರು. ನಮ್ಮೂರ ರಸ್ತೆ ಕಾಮಗಾರಿಯ ಫಲಕಗಳಲ್ಲಿಯೂ ಈ ಪದ್ಧತಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಒಳಗಿನ ಒಂದೊಂದು ತಂತ್ರಾಂಶದ ಪೊಟ್ಟಣಕ್ಕೂ ಅದರದೇ ಸಂಖ್ಯೆಯುಂಟು. 2.9-1 ಇದ್ದಲ್ಲಿ 2.10-1 ಬಂದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು, "ಸರ್, ಇದು ಚಿಕ್ಕದಲ್ಲವೇ? ಹಳೆಯದನ್ನು ಹಾಕುವುದೇಕೆ?" ಎಂದು ಕೇಳಿದಳು. ದಶಾಂಶ ಭಿನ್ನರಾಶಿಯನ್ನು ಕಲಿಸಿದವರು ನಾವೇ. ಆ ಲೆಕ್ಕದಲ್ಲಿ ಅವಳ ಮಾತು ಸರಿ. ಆದರೆ ಇಲ್ಲಿಯ ಚುಕ್ಕಿ ದಶಾಂಶ ಬಿಂದುವಲ್ಲ. ಎರಡನೆಯ ಭಾಗದ ಒಂಬತ್ತನೆಯ ಪಾಠ, ಹತ್ತನೆಯ ಪಾಠ ಎಂದಂತೆ. ಅಡ್ಡಗೆರೆಯ ಮುಂದಿನ ಅಂಕೆ ತಂತ್ರಾಂಶ ಬರೆದವರದಲ್ಲ, ಪೊಟ್ಟಣ ಕಟ್ಟಿದವರದು. ಅದೇ ನಮ್ಮ 'ಮುದ್ರಣ'. 1.0ರ ಬಳಿಕ ಅಲೆಗೀಟು ಬಂದರಂತೂ ಅದು 1.0ಕ್ಕಿಂತಲೂ ಹಿಂದಿನದು, ಕರಡುಪ್ರತಿಯಂತೆ. ಹುಡುಗಿ ಇದನ್ನು ನಮಗಿಂತ ಬೇಗನೆ ಒಪ್ಪಿಕೊಂಡಳು.

ಇದೆಲ್ಲ ಬರಿಯ ಕುತೂಹಲದ ವಿಷಯವೆಂದು ವಾಚಕರು ತಿಳಿಯಬಾರದು. ಒಮ್ಮೆ ಪರೀಕ್ಷೆಯ ಮುನ್ನಾದಿನ ಸಂಜೆ ಹೊರಗಿನಿಂದ ಕನ್ನಡ ಪ್ರಶ್ನಪತ್ರಿಕೆಯ ಕಡತ ಬಂದಿತು. ತೆರೆದು ನೋಡಿದರೆ ಕನ್ನಡದ ಒಂದಕ್ಷರವೂ ಇಲ್ಲ. ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ತುಂಬಿದ್ದವು. ಹಳೆಯ 'ನುಡಿ'ಯ ಅಕ್ಷರಗಳಲ್ಲಿ ಅಚ್ಚಿಸಿದ್ದರು. ನಮ್ಮ ಯಂತ್ರಗಳಲ್ಲಿರುವುದು ಯುನಿಕೋಡ್. ಯಾವ ತಂತ್ರಾಂಶ, ಯಾವ ಆವೃತ್ತಿ ಎಂಬ ಒಂದು ಸಾಲು ಜೊತೆಗಿದ್ದಿದ್ದರೆ ಪರಿವರ್ತಿಸಿಕೊಳ್ಳಬಹುದಿತ್ತು. ಕೊನೆಗೆ ದೂರವಾಣಿಯಲ್ಲಿ ಓದಿಸಿಕೊಂಡು ನಮ್ಮ ಸಹೋದ್ಯೋಗಿಯೊಬ್ಬರು ರಾತ್ರಿ ಹನ್ನೊಂದರವರೆಗೆ ಮತ್ತೆ ಟೈಪು ಮಾಡಿದರು. ಮಲೆಯಾಳ ಮಾಧ್ಯಮದ ಮಕ್ಕಳ ಪತ್ರಿಕೆ ಮಧ್ಯಾಹ್ನವೇ ಸಿದ್ಧವಾಗಿತ್ತು. ಗಡಿನಾಡಿನ ಕನ್ನಡ ಶಾಲೆಗೆ ಇಂತಹ ವಿಳಂಬವೇ ಹೆಚ್ಚಿನ ಭಾರ.

ಯುನಿಕೋಡಿಗೂ ಆವೃತ್ತಿಗಳುಂಟು. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡವಿತ್ತು. ಕನ್ನಡದ ಅವಗ್ರಹ ಸೇರಿದುದು 2003ರ 4.0ರಲ್ಲಿ. 2024ರ ಸೆಪ್ಟೆಂಬರಿನ 16.0ರಲ್ಲಿ ತುಳು-ತಿಗಳಾರಿ ಲಿಪಿಗೆ 80 ಸ್ಥಾನಗಳು ದೊರೆತವು. ನೆರೆಮನೆಯ ಹಿರಿಯರಲ್ಲಿ ಆ ಲಿಪಿಯ ತಾಳೆಗರಿಗಳಿವೆ. ಅವರ ಮೊಮ್ಮಗ ಊರಿನಿಂದಾಚೆ ಕುಳಿತು ಕಳುಹಿಸಿದ ನಾಲ್ಕು ಸಾಲು ನಮ್ಮ 22.04ರಲ್ಲಿ ಬರಿಯ ಚೌಕಗಳಾಗಿ ಕಂಡವು. 2022ರ ಯಂತ್ರಕ್ಕೆ 2024ರ ಅಕ್ಷರ ಹೇಗೆ ತಿಳಿದೀತು? ಹೊಸ ಅಕ್ಷರವಿನ್ಯಾಸವನ್ನು ತರಿಸಿ ಹಾಕಿದ ಮೇಲೆಯೇ ಹಿರಿಯರು ಕನ್ನಡಕ ಏರಿಸಿ ಓದಿದುದು.

ಈಗ ನಮ್ಮ ದಾಸ್ತಾನು ಪುಸ್ತಕದಲ್ಲಿ ಬೆಂಚು, ಕಪ್ಪುಹಲಗೆಗಳ ಸಾಲಿನ ಕೆಳಗೆ ಪ್ರತಿಯೊಂದು ಯಂತ್ರದ ಆವೃತ್ತಿಯನ್ನೂ ಹಾಕಿದ ದಿನಾಂಕವನ್ನೂ ಬರೆದಿಡುತ್ತೇವೆ. 22.04ರ ಸಾಮಾನ್ಯ ಬೆಂಬಲ 2027ರಲ್ಲಿ ಮುಗಿಯುತ್ತದೆ. ಹಳೆಯ ಎರಡು ಯಂತ್ರಗಳು ಮುಂದಿನದನ್ನು ತಾಳಲಾರವು. ಅದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇವೆ. ಆ ಹೊತ್ತಿಗೆ ಈ ಕುರ್ಚಿಯಲ್ಲಿ ಬೇರೊಬ್ಬರಿರುತ್ತಾರೆ.