ದೊಡ್ಡವ್ವ ಹೇಳಿದ ಚಕ್ಕುಬಂದಿ

ಕಿತ್ತುಹಾಕಿದ ಹತ್ತಿಕಟ್ಟಿಗೆಯ ಬೆಂಕಿ ಮುಂದೆ ಕೂತರೆ ನಮ್ಮ ದೊಡ್ಡವ್ವನ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಕಥೆ. ದೇವದುರ್ಗದ ಕಚೇರಿಯಲ್ಲಿ ಆಕೆ ಹೊಲದ ಚಕ್ಕುಬಂದಿ ಹೇಳಿದ್ದು.

ಹೊಲ ರಾಯಚೂರಿನಲ್ಲಿ ನೆಲೆಸಿದ್ದ ಸಾಹುಕಾರರೊಬ್ಬರದು. ದೊಡ್ಡಪ್ಪ ಪಾಲಿಗೆ ಮಾಡುತ್ತಿದ್ದ. ಅವನು ತೀರಿಕೊಂಡ ವರ್ಷವೂ ಬಿತ್ತಿಗೆ ತಪ್ಪಲಿಲ್ಲ. ಕೂರಿಗೆ ಬಟ್ಟಲಿಗೆ ಕಾಳು ಬಿಟ್ಟವಳು ಆಕೆಯೇ, ಸುಗ್ಗಿಯಲ್ಲಿ ಸಾಹುಕಾರರ ಪಾಲಿನ ಜೋಳ ಅಳೆದುಕೊಟ್ಟವಳೂ ಆಕೆಯೇ.

1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದಿತು. ಗೇಣಿದಾರರು ಫಾರಂ ನಂಬರ್ 7 ತುಂಬಿಕೊಡಬೇಕಿತ್ತು, ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ ತೀರ್ಮಾನ ಹೇಳುತ್ತಿತ್ತು. ಗೇಣಿದಾರ ಸತ್ತರೆ ಹಕ್ಕು ವಾರಸುದಾರರಿಗೆ ಎಂದು ಕಾಯ್ದೆಯಲ್ಲೇ ಇತ್ತು. ಮನೆಯ ಗಂಡಸರು ಮಾತ್ರ, "ಹೆಣ್ಣಮಗಳು ನೀ ಏನು ಕಚೇರಿ ಹತ್ತತಿ, ಮೈದುನನ ಹೆಸರಿಲೆ ಹಾಕಿಸು" ಅಂದರಂತೆ.

"ಹಾಕಿಸಿದ್ರ ಅವನ ಹೊಲಕ್ಕ ಕೂಲಿಗಿ ಹೋಗ್ತಿದ್ದೆನಪ್ಪ" ಎಂದು ದೊಡ್ಡವ್ವ ಇಲ್ಲಿ ಒಂದು ಕಟ್ಟಿಗೆ ಒಳಕ್ಕೆ ನೂಕುತ್ತಿದ್ದಳು.

ಮಂಡಳಿ ಮುಂದೆ ವಕೀಲರು ಬರುವಂತಿಲ್ಲ ಎಂದು ಆಗ ಕಾಯ್ದೆಯಲ್ಲಿತ್ತು. ಆಕೆಗೆ ಅದು ಒಳ್ಳೆಯದೇ ಆಯಿತು. "ನೀ ಉಳೋದಕ್ಕ ಸಾಕ್ಷಿ ಏನೈತವ್ವ?" ಅಂದರು ಮಂಡಳಿಯವರು. ಕಾಗದ ಎಲ್ಲಿಂದ ಬರಬೇಕು? ಪಾಲು ನಡೆದದ್ದೆಲ್ಲ ಬಾಯಿಮಾತಿನ ಮೇಲೆ. ಆಕೆ ಚಕ್ಕುಬಂದಿ ಶುರು ಮಾಡಿದಳು. ಮೂಡಲಕ್ಕೆ ಹಳ್ಳ, ಪಡುವಲಕ್ಕೆ ಬನ್ನಿಗಿಡದ ಬದು, ತೆಂಕಲಕ್ಕೆ ಬಂಡಿದಾರಿ, ಬಡಗಲಕ್ಕೆ ಗುಡಿಯ ಇನಾಮು ಹೊಲ. ಅಷ್ಟಕ್ಕೇ ಬಿಡಲಿಲ್ಲ. ಹಳ್ಳದ ಮಗ್ಗುಲಿಗೆ ಸವುಳು ಹತ್ತಿ ಜೋಳ ಏಳುವುದಿಲ್ಲ, ಬನ್ನಿಗಿಡದ ಕಡೆಯ ಕರಕಿ ಎಷ್ಟು ಕಿತ್ತರೂ ಮತ್ತೆ ಚಿಗುರುತ್ತದೆ ಎಂದಳು. ಅದೇ ಪ್ರಶ್ನೆ ಸಾಹುಕಾರರಿಗೆ ಬಂದಾಗ ಅವರು ಗುಮಾಸ್ತನ ಮುಖ ನೋಡಿದರಂತೆ. ಈ ಭಾಗಕ್ಕೆ ದೊಡ್ಡವ್ವ ವರ್ಷವರ್ಷವೂ ಒಂದಿಷ್ಟು ಉಪ್ಪುಖಾರ ಹಚ್ಚುತ್ತಿದ್ದಳೆಂಬ ಗುಮಾನಿ ನನಗಿದೆ. ಹೊಲ ಆಕೆಯ ಹೆಸರಿಗಾದದ್ದಂತೂ ಖರೆ.

ಈಗ ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ ಬಂದಿದೆ, ಪಕ್ಕದ ಮಾನ್ವಿಗೆ ತುಂಗಭದ್ರಾ ಎಡದಂಡೆಯ ನೀರು ಮೊದಲಿಂದಲೂ ಇದೆ. ಲೀಜಿಗೆ ಹೊಲ ಹಿಡಿದು ಹತ್ತಿ, ಮೆಣಸಿನಕಾಯಿ, ಭತ್ತ ಬೆಳೆಯುವ ಹೆಣ್ಣುಮಕ್ಕಳು ಎರಡೂ ಕಡೆ ಸಿಗುತ್ತಾರೆ. ದೊಡ್ಡವ್ವನಿಗೆ ಹೊಲ ಕೊಡಿಸಿದ ಕಾಯ್ದೆಯೇ ಹೊಸದಾಗಿ ಗೇಣಿಗೆ ಕೊಡುವುದನ್ನು ಹೆಚ್ಚುಕಡಿಮೆ ಪೂರಾ ನಿಷೇಧಿಸಿದ್ದರಿಂದ ಇವರ ಕರಾರು ಇವತ್ತಿಗೂ ಬಾಯಿಮಾತೇ. ಬೆಳೆ ಹಾಳಾದರೆ ಸಾಲ ಇವರ ತಲೆಯ ಮೇಲೆ, ಪರಿಹಾರದ ದುಡ್ಡು ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ.