ಬಂದರಿನಲ್ಲಿ ಒಂದು ಬಿಡುವಿನ ದಿನ

ಬೂದಿಕೋಟೆಯ ಆ ಜವಳಿ ವರ್ತಕರು ಕುಟುಂಬಸಮೇತ ಯಾತ್ರೆ ಹೊರಟದ್ದು ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವನ್ನೂ ಅಳವಡಿಸಿದ ಬಾಡಿಗೆ ವಾಹನದಲ್ಲಿ. ಸೂರ್ಯಾಸ್ತದ ನಂತರ ಉಣ್ಣದ, ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯುವ ಮನೆಯವರಿಗೆ ಇಂತಹ ಚಲಿಸುವ ಮನೆ ಬಹಳ ಅನುಕೂಲ. ಶ್ರವಣಬೆಳಗೊಳವನ್ನು ಕಂಡು, ಗೇರುಸೊಪ್ಪೆಯ ಚತುರ್ಮುಖ ಬಸದಿಗೆ ವಂದಿಸಿ, ಹೊನ್ನಾವರದ ಮಾರ್ಗವಾಗಿ ಭಟ್ಕಳ ತಲುಪಿದಾಗ ಜೂನ್ ಮೊದಲ ವಾರ. ಮುಂದೆ ಕಾರ್ಕಳ, ಮೂಡುಬಿದಿರೆ. ನಡುವೆ ಒಂದು ದಿನ ಎಲ್ಲಿಗೂ ಓಡದೆ ಕಾಲು ಚಾಚಿ ಕುಳಿತಿರಬೇಕೆಂಬುದು ಮನೆಯಾಕೆಯ ಅಪೇಕ್ಷೆ.

ಬೆಳಿಗ್ಗೆ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯ ದರ್ಶನವಾಯಿತು. ವಿಜಯನಗರದ ಕಾಲದಲ್ಲಿ ಕುದುರೆಗಳು ಬಂದಿಳಿಯುತ್ತಿದ್ದ, ಕಾಳುಮೆಣಸು ಹಡಗೇರುತ್ತಿದ್ದ ಊರಿದು. 1763ರಲ್ಲಿ ಬಿದನೂರನ್ನು ಗೆದ್ದು ಈ ಕರಾವಳಿಯತ್ತ ಕೈಚಾಚಿದ ಹೈದರಾಲಿ ಹುಟ್ಟಿದ್ದು ತಮ್ಮ ಬೂದಿಕೋಟೆಯಲ್ಲೇ ಎಂದು ವರ್ತಕರು ಮೊಮ್ಮಗಳಿಗೆ ಹೇಳಿದರು. ಪಿ.ಯು.ಸಿ. ಮುಗಿಸಿದ್ದ ಆಕೆ ಅದನ್ನು ಹಿಂದೆಯೇ ಹಲವು ಬಾರಿ ಕೇಳಿದ್ದಳು.

ಚಾಲಕನು ನೆರಳನ್ನು ಹುಡುಕುತ್ತ ವಾಹನವನ್ನು ನಿಲ್ಲಿಸಿದ್ದು ಮೀನುಗಾರಿಕೆ ಬಂದರಿನ ಸಮೀಪದಲ್ಲಿ. ವರ್ತಕರು ಮುಖ ಸಿಂಡರಿಸಿದರು. ಆದರೆ ಅಲ್ಲಿ ಮೀನಿನ ರಾಶಿಯಿರಲಿಲ್ಲ. ಯಾಂತ್ರಿಕ ದೋಣಿಗಳೆಲ್ಲ ಸಾಲಾಗಿ ಲಂಗರು ಹಾಕಿದ್ದವು. ಮಳೆ ಬಿಡುವು ಕೊಟ್ಟಿತ್ತು. ಮನೆಯಾಕೆ ಭಟ್ಕಳ ಮಲ್ಲಿಗೆಯ ದಂಡೆ ಕೊಂಡು ಬಂದು ಚಾಪೆ ಹಾಸಿ ಮಲಗಿದರು. ವರ್ತಕರು ಬಲೆಯ ಹರುಕನ್ನು ಹೆಣೆಯುತ್ತಿದ್ದ ವೃದ್ಧರೊಬ್ಬರ ಬಳಿ ಸುಮ್ಮನೆ ಹೋಗಿ ಕುಳಿತರು.

ಜೂನ್ 1ರಿಂದ ಜುಲೈ 31ರವರೆಗೆ, ಅರವತ್ತೊಂದು ದಿನ, ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಳೆಗಾಲ ಬಹುಪಾಲು ಮೀನುಗಳು ಮೊಟ್ಟೆಯಿಡುವ ಕಾಲ. ವಿಷಯ ತಿಳಿದು ವರ್ತಕರಿಗೆ ಸಂತೋಷವಾಯಿತು.

“ಎರಡು ತಿಂಗಳು ಜೀವಹಿಂಸೆ ನಿಲ್ಲಿಸುತ್ತೀರಿ. ದೊಡ್ಡ ಪುಣ್ಯ ಅಜ್ಜ!”

“ಪುಣ್ಯ ಎಂತದು ಯಜಮಾನ್ರೇ? ಈಗ ಬಾಚಿದ್ರೆ ಮುಂದೆ ನಮ್ಮ ಮಕ್ಕಳಿಗೆ ಏನುಂಟು? ಬಲೆಯ ಕಣ್ಣು ಸಣ್ಣದು ಮಾಡಿದ್ರೂ ಹಾಗೇ, ಮರಿಯೆಲ್ಲ ಬಂದುಬಿಡ್ತದೆ. ಹೊಟ್ಟೆಪಾಡಿನ ಲೆಕ್ಕ ಇದು. ನಿಮ್ಮದು ಯಾವ ವ್ಯಾಪಾರ?”

“ಬಟ್ಟೆ. ಮುಖ್ಯವಾಗಿ ರೇಷ್ಮೆ ಸೀರೆ.”

ರೇಷ್ಮೆ ಹೇಗಾಗುತ್ತದೆಂದು ಅಜ್ಜ ಕೇಳಿದರು. ಉತ್ತರಿಸಿದವಳು ಮೊಮ್ಮಗಳು. ಕೋಲಾರ ಸೀಮೆಯ ಹುಡುಗಿ, ಹಿಪ್ಪುನೇರಳೆ ತೋಟಗಳ ನಡುವೆ ಬೆಳೆದವಳು. ಹುಳು ತನ್ನ ಸುತ್ತಲೂ ಗೂಡು ಕಟ್ಟಿಕೊಳ್ಳುವುದು, ಅದರಲ್ಲಿ ನೂರಾರು ಮೀಟರ್ ಉದ್ದದ ಒಂದೇ ಎಳೆಯಿರುವುದು, ಗೂಡನ್ನು ಬಿಸಿ ನೀರಿನಲ್ಲಿ ಬೇಯಿಸಿ ನೂಲು ಬಿಚ್ಚುವುದು, ಎಲ್ಲವನ್ನೂ ಅಚ್ಚುಕಟ್ಟಾಗಿ ಹೇಳಿದಳು.

“ಹುಳ ಹೊರಗೆ ಬರೋದೇ ಇಲ್ವಾ ಮಗಾ?”

“ಬಂದರೆ ಎಳೆ ತುಂಡಾಗುತ್ತೆ ಅಜ್ಜ. ಆಮೇಲೆ ಅದಕ್ಕೆ ಆ ಬೆಲೆ ಇಲ್ಲ.”

ಅಜ್ಜ ತಲೆಯಾಡಿಸಿ ಮತ್ತೆ ಬಲೆಯತ್ತ ಬಾಗಿದರು. ಆ ಪ್ರಶ್ನೆಯಲ್ಲಿ ವ್ಯಂಗ್ಯವೇನೂ ಇರಲಿಲ್ಲ.

ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುವುದು ವರ್ತಕರಿಗೆ ಬಾಯಿಪಾಠ. ಗೃಹಸ್ಥನು ಪೂರ್ಣವಾಗಿ ತೊರೆಯಬೇಕಾದದ್ದು ಮೊದಲನೆಯದು. ಉಳಿದವನ್ನು ಆದಷ್ಟು ತಗ್ಗಿಸಬೇಕು. ಇಷ್ಟು ವರ್ಷ ಅವರು ಬೆಸ್ತನ ಬಲೆಯನ್ನು ಮೊದಲನೆಯ ಖಾತೆಗೂ ತಮ್ಮ ಅಂಗಡಿಯನ್ನು ಮೂರನೆಯ ಖಾತೆಗೂ ಬರೆದುಕೊಂಡು ಬಂದಿದ್ದರು. ಹುಳುವನ್ನು ತಾವು ಕೊಲ್ಲುವುದಿಲ್ಲವಲ್ಲ, ಕೊಳ್ಳುವುದು ಸೀರೆಯನ್ನಷ್ಟೇ ಎಂಬುದು ಸಮಾಧಾನ. ಮೀನು ಕೊಳ್ಳುವವನೂ ಹೀಗೆಯೇ ಹೇಳಬಹುದೆಂದು ಅಂದಿನವರೆಗೆ ತೋಚಿರಲಿಲ್ಲ. ತಗ್ಗಿಸುವ ಮಾತಿಗೆ ಬಂದರೆ, ಈ ಅಜ್ಜನ ವೃತ್ತಿಗೆ ಅರವತ್ತೊಂದು ದಿನಗಳ ತಡೆಯಿದೆ. ಅವರ ಅಂಗಡಿಗೆ ಮದುವೆಯ ತಿಂಗಳುಗಳಲ್ಲಿ ಭಾನುವಾರದ ರಜೆಯೂ ಇಲ್ಲ. ಚಿಟ್ಟೆ ಹಾರಿಹೋದ ನಂತರದ ಗೂಡಿನಿಂದ ನೂತ ರೇಷ್ಮೆಯೂ ಉಂಟು. ಹೊಳಪು ಕಡಿಮೆಯೆಂದು ಅದನ್ನು ಅವರು ತರಿಸಿಯೇ ಇರಲಿಲ್ಲ.

ಹೊತ್ತು ಮುಳುಗುವ ಮುನ್ನ ಊಟ ಮುಗಿಯಿತು. ಮೊಮ್ಮಗಳು ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ಕತ್ತಲಾದ ಮೇಲೆ ವರ್ತಕರು ಮಗನಿಗೆ ಫೋನು ಮಾಡಿ, ವರ್ಷದ ವಹಿವಾಟಿನಲ್ಲಿ ರೇಷ್ಮೆಯ ಪಾಲೆಷ್ಟೆಂದು ಕೇಳಿದರು. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚೆಂದ ಮಗ, “ಯಾಕಪ್ಪಾ?” ಎಂದ.

“ಬಂದ ಮೇಲೆ ಕೂತು ಮಾತಾಡೋಣ. ಅಲ್ಲಿಯವರೆಗೆ ಹೊಸ ಆರ್ಡರ್ ಹಾಕಬೇಡ.”