ಕೊಳ್ಳುವವರಿಲ್ಲದ ಮದ್ದು

ಅಂಗಡಿಯ ಉಗ್ರಾಣದಲ್ಲಿ ಎರಡು ಬಗೆಯ ಸರಕು ಮಾರಾಟವಾಗದೆ ಉಳಿಯುತ್ತದೆ. ಒಂದು, ಯಾರಿಗೂ ಬೇಡವಾದುದು. ಮತ್ತೊಂದು, ಬೇಕಾದವರ ಕೈಯಲ್ಲಿ ಹಣವಿಲ್ಲದುದರಿಂದ ಉಳಿದುದು. ಲೆಕ್ಕದ ಪುಸ್ತಕದಲ್ಲಿ ಎರಡಕ್ಕೂ ಒಂದೇ ಹೆಸರು. ಧರ್ಮದ ದೃಷ್ಟಿಯಲ್ಲಿ ಮಾತ್ರ ಅವೆರಡೂ ಒಂದಲ್ಲ. ಆಫ್ರಿಕದ ನಿದ್ರಾರೋಗಕ್ಕೆ ಮದ್ದು ಹುಡುಕಿದ ಚರಿತ್ರೆಯು ಈ ಭೇದವನ್ನು ಸ್ಪಷ್ಟವಾಗಿ ತೋರಿಸಿಕೊಡುತ್ತದೆ.

ಈ ರೋಗಕ್ಕೆ ಕಾರಣ ಟ್ರಿಪನೊಸೋಮ ಎಂಬ ಏಕಕೋಶ ಪರೋಪಜೀವಿ. ತ್ಸೆತ್ಸೆ ನೊಣ ಕಚ್ಚಿದಾಗ ಅದು ಮನುಷ್ಯನ ರಕ್ತವನ್ನು ಸೇರಿ, ಕಾಲಕ್ರಮದಲ್ಲಿ ಮಿದುಳನ್ನು ಪ್ರವೇಶಿಸುತ್ತದೆ. ಆಗ ರೋಗಿಗೆ ಹಗಲೆಲ್ಲ ತೂಕಡಿಕೆ, ರಾತ್ರಿ ನಿದ್ರಾಭಂಗ, ಬುದ್ಧಿಯ ಕದಡುವಿಕೆ. ಚಿಕಿತ್ಸೆ ದೊರೆಯದಿದ್ದರೆ ಸಾಮಾನ್ಯವಾಗಿ ಮರಣವೇ ಗತಿ. 1949ರಲ್ಲಿ ಬಳಕೆಗೆ ಬಂದ ಮೆಲಾರ್ಸೊಪ್ರೋಲ್ ಆರ್ಸೆನಿಕ್‌ನಿಂದ ತಯಾರಾದ ಔಷಧ. ಮಿದುಳಿಗೇರಿದ ರೋಗವನ್ನು ಅದು ಇಳಿಸುತ್ತಿತ್ತು. ಆದರೆ ಸುಮಾರು 20 ರೋಗಿಗಳಲ್ಲಿ ಒಬ್ಬರು ಆ ಮದ್ದಿನಿಂದಲೇ ಪ್ರಾಣ ಬಿಡುತ್ತಿದ್ದರು. ಬೇರೆ ದಾರಿಯಿಲ್ಲದ ವೈದ್ಯರು ಇದನ್ನು ತಿಳಿದೇ ಸೂಜಿ ಹಿಡಿಯಬೇಕಾಗಿತ್ತು.

ಬೇರೆ ದಾರಿ ಕಾಣಿಸಿದ್ದು ಆಕಸ್ಮಿಕವಾಗಿ. ಅರ್ಬುದ ರೋಗಕ್ಕೆಂದು ಪ್ರಯೋಗಾಲಯದಲ್ಲಿ ಸಂಶ್ಲೇಷಿಸಿದ ಎಫ್ಲಾರ್ನಿಥಿನ್ ಆ ಕಾರ್ಯದಲ್ಲಿ ಸಫಲವಾಗಲಿಲ್ಲ. ಅದು ಟ್ರಿಪನೊಸೋಮಗಳನ್ನು ಅಡಗಿಸುವುದೆಂದು 1980ರಲ್ಲಿ ಕಂಡುಬಂದಿತು. ಪ್ರಜ್ಞೆ ತಪ್ಪಿ ಮಲಗಿದ್ದವರೂ ಎದ್ದು ಕುಳಿತುದನ್ನು ಕಂಡು ಜನ ಅದನ್ನು ಪುನರುಜ್ಜೀವನದ ಮದ್ದೆಂದು ಕರೆದರು. 1990ರಲ್ಲಿ ಅಮೆರಿಕದಲ್ಲಿ ಅದಕ್ಕೆ ಮಾನ್ಯತೆಯೂ ದೊರೆಯಿತು. ಆದರೆ ಆ ರೋಗವಿದ್ದುದು ಕಡುಬಡವರ ಹಳ್ಳಿಗಳಲ್ಲಿ. ಲಾಭ ಕಾಣದೆ ತೊಂಬತ್ತರ ದಶಕದ ನಡುವೆ ತಯಾರಿಕೆ ನಿಂತುಹೋಯಿತು. 2000ದಲ್ಲಿ ಅದೇ ರಾಸಾಯನಿಕವು ಸ್ತ್ರೀಯರ ಮುಖದ ಬೇಡದ ರೋಮದ ಬೆಳವಣಿಗೆಯನ್ನು ತಗ್ಗಿಸುವ ಲೇಪವಾಗಿ ಸಿರಿವಂತ ದೇಶದ ಮಾರುಕಟ್ಟೆಗೆ ಬಂದಿತು. ಸೌಂದರ್ಯಕ್ಕೆ ಬೆಲೆ ಕೊಡುವವರಿದ್ದರು, ಪ್ರಾಣಕ್ಕೆ ಬೆಲೆ ಕೊಡಬಲ್ಲವರಿರಲಿಲ್ಲ. ವೈದ್ಯರ ಸಂಘಟನೆಗಳೂ ವಿಶ್ವ ಆರೋಗ್ಯ ಸಂಸ್ಥೆಯೂ ಒತ್ತಾಯಿಸಿದ ಮೇಲೆ, 2001ರಲ್ಲಿ ತಯಾರಕರು ಮದ್ದನ್ನು ದಾನವಾಗಿ ಕೊಡಲೊಪ್ಪಿದರು.

ಮುಂದಿನ ಹೆಜ್ಜೆಯೂ ಉಗ್ರಾಣದಿಂದಲೇ ಬಂದಿತು. ಫೆಕ್ಸಿನಿಡಜೋಲ್ ಎಂಬ ಸಂಶ್ಲೇಷಿತ ವಸ್ತುವನ್ನು ಒಂದು ಕಂಪನಿ ಹಿಂದೆಯೇ ತಯಾರಿಸಿ ಕೈಬಿಟ್ಟಿತ್ತು. ಹಳೆಯ ವಸ್ತುಗಳನ್ನು ಮತ್ತೆ ಪರೀಕ್ಷಿಸುತ್ತಿದ್ದ ಒಂದು ಲಾಭರಹಿತ ಸಂಸ್ಥೆಗೆ 2005ರಲ್ಲಿ ಅದು ದೊರೆಯಿತು. 2018ರಲ್ಲಿ ಅದಕ್ಕೆ ಯುರೋಪಿನ ಔಷಧ ಪ್ರಾಧಿಕಾರದ ಅನುಕೂಲ ಅಭಿಪ್ರಾಯ ಲಭಿಸಿತು. ಎಫ್ಲಾರ್ನಿಥಿನ್ನನ್ನು 14 ದಿನ, ಆರು ಗಂಟೆಗೊಮ್ಮೆ ನರಕ್ಕೆ ಹನಿಸಬೇಕಾಗಿತ್ತು. ಇದಾದರೋ 10 ದಿನ ನುಂಗುವ ಮಾತ್ರೆ. 1998ರಲ್ಲಿ ಸುಮಾರು 40,000 ರೋಗಿಗಳು ದಾಖಲಾಗಿದ್ದ ಖಂಡದಲ್ಲಿ, ಹಳ್ಳಿಹಳ್ಳಿಗೆ ಹೋಗಿ ರೋಗಿಗಳನ್ನು ಹುಡುಕಿ ಚಿಕಿತ್ಸೆ ನೀಡಿದ ಫಲವಾಗಿ 2018ರ ಹೊತ್ತಿಗೆ ಸಂಖ್ಯೆ ಸಾವಿರಕ್ಕಿಂತ ಕೆಳಗಿಳಿದಿತ್ತು.

ಇದು ದೂರದ ಖಂಡದ ಮಾತು ಮಾತ್ರವಲ್ಲ. ಬಿಹಾರದ ಬಡವರನ್ನು ಕಾಡಿದ ಕಾಲಾ ಅಜಾರ್ ಕೂಡ ಏಕಕೋಶ ಜೀವಿಯಿಂದಲೇ ಬರುವ ರೋಗ. ಮಣ್ಣಿನ ಸೂಕ್ಷ್ಮಜೀವಿಯಿಂದ 1950ರ ದಶಕದಲ್ಲಿ ದೊರೆತ ಪ್ಯಾರೊಮೊಮೈಸಿನ್ ಈ ರೋಗಕ್ಕೂ ಮದ್ದಾಗಬಲ್ಲುದೆಂಬ ಸೂಚನೆ ಇದ್ದರೂ, ಅದನ್ನು ಪೂರ್ಣವಾಗಿ ಪರೀಕ್ಷಿಸಲು ಹಣ ಹೂಡುವವರು ಬಹುಕಾಲ ಬರಲಿಲ್ಲ. ಬಿಹಾರದಲ್ಲಿ 667 ರೋಗಿಗಳ ಮೇಲೆ ಪ್ರಯೋಗ ನಡೆದ ನಂತರ, 2006ರಲ್ಲಿ ಭಾರತ ಸರಕಾರ ಅದಕ್ಕೆ ಒಪ್ಪಿಗೆ ನೀಡಿತು. ಮದ್ದು ಮಣ್ಣಿನದಾಗಲಿ, ಪ್ರಯೋಗಾಲಯದ್ದಾಗಲಿ, ಕಾಯಬೇಕಾದ ಕಾರಣ ಒಂದೇ.

ಇಲ್ಲಿ ವ್ಯಾಪಾರಿಯನ್ನು ಹಳಿಯುವುದು ಸುಲಭ. ಸದಾ ನಷ್ಟದಲ್ಲಿ ಮಾರಿ ಯಾವ ಅಂಗಡಿಯೂ ಬಾಳದು. ಸಂಬಳ, ಸಾಲ, ಬಡ್ಡಿಗಳ ಹೊಣೆ ಅವನಿಗೂ ಉಂಟು. ಆದರೆ ನಷ್ಟವನ್ನು ತಾನು ಹೊರಲಾರೆನೆಂಬುದು ಒಂದು ಮಾತು. ಹೊರಲು ಬಂದವರಿಗೂ ಸರಕನ್ನು ಬಿಟ್ಟುಕೊಡದಿರುವುದು ಬೇರೊಂದು ಮಾತು. ಮೊದಲನೆಯದು ಅಶಕ್ತಿ, ಎರಡನೆಯದು ಪರಿಗ್ರಹ. ತನಗೆ ಲಾಭವಿಲ್ಲದ ಜ್ಞಾನವನ್ನು ಕೈಬಿಟ್ಟು, ಹುಡುಕಿ ಬಂದವರಿಗೆ ಉಗ್ರಾಣದ ಕೀಲಿ ಕೊಡುವುದಕ್ಕೆ ಖರ್ಚು ಹೆಚ್ಚೇನೂ ಇಲ್ಲ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಔಷಧದಾನವನ್ನು ಎಣಿಸಿದ ಹಿರಿಯರು, ಮದ್ದು ಇದ್ದೂ ಇಲ್ಲದಂತಾಗುವ ಕಾಲವನ್ನು ಕಂಡಿರಲಾರರು. ಅಂತಹ ಕಾಲದಲ್ಲಿ ಔಷಧದಾನವೆಂದರೆ ಗುಳಿಗೆ ಹಂಚುವುದಷ್ಟೇ ಅಲ್ಲ, ಕೊಳ್ಳಲಾರದವನಿಗಾಗಿ ಮದ್ದು ತಯಾರಾಗುವಂತೆ ನೋಡಿಕೊಳ್ಳುವುದೂ ಹೌದು. ವರ್ಷಾಂತ್ಯದಲ್ಲಿ ದಾಸ್ತಾನು ಎಣಿಸುವಾಗ, ಉಳಿದ ಸರಕು ಯಾರಿಗೂ ಬೇಡವಾದುದೋ, ಕೊಳ್ಳಲಾರದವರಿಗೆ ಬೇಕಾದುದೋ ಎಂದು ಒಮ್ಮೆ ಕೇಳಿಕೊಳ್ಳುವುದು ಯಾವ ಅಂಗಡಿಗೂ ಭೂಷಣವೇ.